ಹದಿನೇಳನೆಯ ಪ್ರಶ್ನೆ

ಬಾಗಲಕೋಟೆ ನವನಗರ, ಸೆಕ್ಟರ್ ಮೂವತ್ತನಾಲ್ಕು,
ನೀರಿನ ಟಾಕಿಯ ಬುಡದಲ್ಲಿ ಒಂದು ಖೋಲಿ.
ನನ್ನ ಚೀಲದಲ್ಲಿ ಹನ್ನೊಂದು ಪುಟದ ಪ್ರಶ್ನಾವಳಿ,
ಒಪ್ಪಿಗೆ ಪತ್ರ, ಎರಡು ಪೆನ್ನು,
ಹೊರದೇಶದ ಪಂಡಿತರು ಇಪ್ಪತ್ತು ನಾಡಿನಲ್ಲಿ
ಒರೆ ಹಚ್ಚಿ ನೋಡಿದ ಒಂದು ಅಳತೆಗೋಲು.

ಮಾದರಿಯಲ್ಲಿ ನಲವತ್ತು ಜನ. ಇವರು ಇಪ್ಪತ್ತಾರನೆಯವರು.
ಹೆಸರು ನರಪತ್ ರೋಕಾಯಾ. ಊರಿಗೆಲ್ಲ ಬರೀ ಗೂರ್ಖಾ.
ಜಿಲ್ಲೆ ಬಜಾಂಗ್, ದೇಶ ನೇಪಾಳ.
ಗಡಿ ಹೇಗೆ ದಾಟಿದಿರಿ?
"ಸೇತುವಿ ಮ್ಯಾಲ, ನಡಕೊಂತ."
ಅಂತಾರಾಷ್ಟ್ರೀಯ ವಲಸೆ ಎಂದು ನಾನು ಬರೆದುಕೊಳ್ಳುವಾಗ
ಅವರು ಚಹಾಕ್ಕೆ ಶುಂಠಿ ಜಜ್ಜುತ್ತಿದ್ದರು.

ಕಷ್ಟಕ್ಕೆ ಸಾಲ ಕೇಳಲು ಎಷ್ಟು ಮನೆ ಇವೆ?
"ಕೇಳಾಕ ಭಾಳ ಅದಾವ್ರಿ. ಕೊಡಾಕ ಎರಡು."

ಹದಿನೇಳನೆಯ ಪ್ರಶ್ನೆಯ ತಲೆಯ ಮೇಲೆ
ದಪ್ಪಕ್ಷರದಲ್ಲಿ ‘ಏಕೀಕರಣ’ ಅಂತಿತ್ತು.
ಹತ್ತನೇ ಇಯತ್ತೆಯ ಮಗಳು ಬಿಂದು ಇಣುಕಿ ಓದಿದಳು:
"ಅಪ್ಪಾ, ಇದು ನವೆಂಬರ್ ಒಂದನೇ ತಾರೀಖಿಂದು.
ಹ್ವಾದ ವರ್ಷ ನಾ ಭಾಷಣಾ ಮಾಡಿದ್ನೆಲ್ಲ!
ಮುಂಬಯಿ ಪ್ರಾಂತ, ಹೈದರಾಬಾದ, ಮದ್ರಾಸ, ಕೊಡಗು..."
ಎಡವದೆ ಹೇಳಿದಳು. ಎರಡನೇ ಬಹುಮಾನದ
ಸ್ಟೀಲ್ ಡಬ್ಬಿಯಲ್ಲೇ ಸಕ್ಕರೆ ಇತ್ತು.

ಅದಲ್ಲವ್ವಾ ಇದು, ಅಂದೆ.
ಹಾಗಾದರೆ ಯಾವುದು ಅಂತ ಹೇಳಹೋಗಿ ತೊದಲಿದೆ.
ಬಂದವರು ಇದ್ದವರೊಳಗೆ ಎಷ್ಟು ಬೆರೆತರು ಅಂತ.
ಒಂದು ಅಂದರೆ ಏನೂ ಇಲ್ಲ. ಐದು ಅಂದರೆ ಪೂರ್ತಿ.

"ಇದ್ದವರು ಅಂದ್ರ ಯಾರ್ರೀ?"

ಕೇಳಿದ್ದರಲ್ಲಿ ಕೊಂಕಿರಲಿಲ್ಲ.
"ನಾ ಬಂದಾಗ ಇಲ್ಲಿ ಜಾಲಿಕಂಟಿ, ಗರಸು,
ಸುಣ್ಣದಾಗ ಗೆರಿ ಹೊಡದ ಪ್ಲಾಟ.
ಮಂದಿ ಬಂದದ್ದು ಆಮ್ಯಾಲ, ಟ್ರ್ಯಾಕ್ಟರಿನ್ಯಾಗ.
ಹಳೇ ಮನಿ ಬಿಚ್ಚಿ, ತೊಲಿ, ಬಾಗಲಾ, ಒಳ್ಳು,
ದೇವರ ಜಗಲಿಯ ಕಲ್ಲು ಸುದ್ದಾ ಹೇರಿಕೊಂಡು.
ರಾತ್ರಿ ಸೀಟಿ ಊದಿದ್ರ ಹೆದರತಿದ್ರು,
ಊದದಿದ್ರೂ ಹೆದರತಿದ್ರು."

ಟ್ರಂಕಿನ ತಳದಿಂದ ಒಂದು ವಹಿ ತೆಗೆದರು,
ಮನೆಗೆ ತಿಂಗಳಿಗೆ ಹತ್ತು ರೂಪಾಯಿ ಇದ್ದ ಕಾಲದ್ದು.
ಗೋಡೆಗಳಿಗೆ ಆಗಿನ್ನೂ ನಂಬರ್ ಬಿದ್ದಿರಲಿಲ್ಲ,
ಯಾರ ಹೆಸರೂ ಇವರಿಗೆ ಗೊತ್ತಿರಲಿಲ್ಲ.
ದೇವನಾಗರಿಯಲ್ಲಿ ಬರೀ ಗುರುತು.
ಕೆಂಪು ಸೈಕಲ್ಲಿನ ಮನೆ.
ಹೋಳಿಯ ರಾತ್ರಿ ಹಲಗೆ ಬಡಿಯುತ್ತ ಅತ್ತವನ ಮನೆ.
ಬೆರಳಿಟ್ಟು ಕೇಳಿದೆ, ಇದು, ಎಂಟನೇ ಕ್ರಾಸಿನ ಮೂಲೆ?
ಕಣ್ಣು ಕಿರಿದು ಮಾಡಿ ಓದಿದರು:
"ದೀಪ ಆರಿಸದ ಮನಿ."

ಅದು ನಮ್ಮದು.

ಕಿಲ್ಲಾದ ಗಲ್ಲಿ ಬಿಟ್ಟು ಬಂದ ವರ್ಷ
ಅವ್ವ ದೀಪ ಹಚ್ಚಿಯೇ ಮಲಗುತ್ತಿದ್ದಳು.
ನೀರು ಹೊಸ್ತಿಲಿಗೆ ಬಂದರೆ ಕಾಣಬೇಕಲ್ಲ.
ನೀರಿಗೂ ನಮಗೂ ಹರದಾರಿ ದೂರ, ನಾವಿದ್ದದ್ದು ದಿಬ್ಬದ ಮೇಲೆ.
ನಾನು ಮರೆತೇಬಿಟ್ಟಿದ್ದೆ. ಅಪ್ಪ ಬಾಯಿಬಿಟ್ಟವರಲ್ಲ.
ಈ ಮನುಷ್ಯ ರಾತ್ರಿ ಎರಡಕ್ಕೊಮ್ಮೆ, ನಾಲ್ಕಕ್ಕೊಮ್ಮೆ
ನಮ್ಮ ಕಿಟಕಿಯ ಬೆಳಕು ದಾಟಿ ಹೋಗಿದ್ದಾರೆ,
ಅದು ಆರಿದ ದಿನದ ತಾರೀಖೂ ಬರೆದಿಟ್ಟಿದ್ದಾರೆ.

"ನಿಮ್ಮವ್ವಗ ಎಷ್ಟು ಹಾಕ್ತೀರಿ? ಒಂದೋ, ಐದೋ?"

ಚಹಾ ಕೆನೆಗಟ್ಟಿತ್ತು.

ಮಾರ್ಗದರ್ಶಕರು ಕೆಂಪು ಶಾಯಿಯಲ್ಲಿ ಬರೆದಿದ್ದಾರೆ:
‘ಇಪ್ಪತ್ತಾರನೆಯ ನಮೂನೆ ಅಪೂರ್ಣ.
ಆತಿಥೇಯ ಸಮಾಜ ಯಾವುದು? ವ್ಯಾಖ್ಯಾನಿಸಿ.’
ಸರ್, ಸರಕಾರಿ ಕಡತದಲ್ಲಿ ನಾವು ಮುಳುಗಡೆ ಸಂತ್ರಸ್ತರು,
ಹಕ್ಕುಪತ್ರ ಹಿಡಿದು ಬಂದವರು.
ಅವರು ಯಾವ ಕಡತದಲ್ಲೂ ಇಲ್ಲ, ನನ್ನದೊಂದರಲ್ಲಿ ಬಿಟ್ಟು.
ಯಾರ ಮನೆಗೆ ಯಾರು ಅತಿಥಿ ಎಂಬ ಒಂದೇ ವಾಕ್ಯ
ಮೂರು ವಾರದಿಂದ ಬರೆದು ಹೊಡೆದುಹಾಕುತ್ತಿದ್ದೇನೆ.

ಈಗ ಎರಡು ಗಂಟೆ. ಕಂಬಕ್ಕೆ ಕೋಲು ತಾಗಿದ ಸದ್ದು.
ಮೂಲೆಗೆ ಬಂದ ಸೀಟಿ ಯಾಕೋ ತುಸು ನಿಂತಿದೆ.
ನನ್ನ ಮೇಜಿನ ದೀಪ ಉರಿಯುತ್ತಿದೆ.
ಬರೆದುಕೊಳ್ಳುತ್ತಿರಬೇಕು.